ಮಣ್ಣಿನ ದಿನದ ಸೊಪ್ಪು

"ಇನ್ನೂ ಎಷ್ಟು ಮಣ್ಣು ಇಟ್ಕೊಂಡಿದೀಯೇ ನೀನು?"

ಆರ್ಲೀಥಾ ಕೇಳಿದ್ದು ಸೊಪ್ಪನ್ನು. ತೊಟ್ಟಿಯ ನೀರಿನಲ್ಲಿ ಬೀಸಣಿಗೆಯಷ್ಟು ಅಗಲದ ಕಾಲರ್ಡ್ ಸೊಪ್ಪಿನ ಎಲೆಗಳು ತೇಲುತ್ತಿದ್ದವು. ಎಲೆಗಳನ್ನು ಎತ್ತಿ ಬದಿಗಿಟ್ಟು, ನೀರು ಹೊರಗೆ ಬಿಟ್ಟು, ತೊಟ್ಟಿಯ ತಳವನ್ನು ಬೆರಳಿನಿಂದ ಸವರಿ ನೋಡಿದಳು. ಮರಳು ತಗಲಿತು. ಮತ್ತೆ ನಲ್ಲಿ ತಿರುಗಿಸಿದಳು.

ಅವಳ ಸೋದರತ್ತೆ ಜೋನಿ ಮೇಜಿನ ಮುಂದೆ ಕೂತು ದಂಟು ಬಿಡಿಸುತ್ತಿದ್ದಳು. "ಸೊಪ್ಪಿಗೆ ದೀಕ್ಷಾಸ್ನಾನ ಮಾಡಿಸ್ತಿದೀಯಾ ಹೇಗೆ? ಸಾಕು ಬಿಡೇ. ಆ ಕುಡುಕನ ಮಣ್ಣಿಗೆ ಬಂದೋರ ಹಲ್ಲಿಗೆ ನಾಲ್ಕು ಕಾಳು ಮರಳು ಸಿಕ್ಕಿದ್ರೆ ಪ್ರಳಯ ಆಗಲ್ಲ."

"ನನ್ನ ಪಾತ್ರೇಲಿ ಸಿಗಬಾರ್ದು ಅತ್ತೆ."

"ನಿನ್ನ ಯಾರು ಕೇಳಿದ್ರು? ಪಾಸ್ಟರು ಕೇಳಿದ್ರಾ? ಅವನ ಹೆಂಡತಿ ಬಂದು ಕೇಳಿದ್ಲಾ?"

ಯಾರೂ ಕೇಳಿರಲಿಲ್ಲ. ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಗಿಲ್ಯಾದ್ ಚರ್ಚಿನ ಸಭೆಯಲ್ಲಿ ಯಾರನ್ನೇ ಮಣ್ಣು ಮಾಡಲಿ, ಆಮೇಲಿನ ಊಟಕ್ಕೆ ಸೊಪ್ಪು ಹೋಗುವುದು ಆರ್ಲೀಥಾಳ ಒಲೆಯಿಂದ. ಅವಳಿಗಿಂತ ಮುಂಚೆ ಅವಳ ತಾಯಿಯ ಒಲೆಯಿಂದ. ಜನ ತಟ್ಟೆ ಹಿಡಿದುಕೊಂಡು ಬಂದು, ಸೌಟು ಮುಟ್ಟುವ ಮೊದಲು, ಸೊಪ್ಪು ಯಾರದು ಎಂದು ಕೇಳುವರು. ಬೇರೆ ಹೆಸರು ಕೇಳಿದರೆ ಸುಮ್ಮನೆ ಕೋಳಿಯ ಕಡೆಗೆ ಸರಿಯುವರು. ಮೇಜಿನ ಮೇಲೆ ಅವಳ ಪಾತ್ರೆ ಇಲ್ಲದೆ ಹೋದರೆ, ಅದೇ ಸತ್ತವನ ಮೇಲಿನ ತೀರ್ಪು; ಬೇರೆ ಯಾರೂ ಏನೂ ಹೇಳಬೇಕಾಗಿಯೇ ಇಲ್ಲ.

ನಾಳೆ ಮಣ್ಣಾಗುವವನು ರೂಬಿನ್. ಆರ್ಲೀಥಾಳ ಮಗ ಲಮಾರ್ ಕೋಳಿಮಾಂಸದ ಕಾರ್ಖಾನೆಯ ಪಾಳಿ ಮುಗಿಸಿ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಾಗ, ಕುಡಿದು ಟ್ರಕ್ಕು ಹತ್ತಿಸಿ ಕೊಂದವನು. ಜೈಲಿನಿಂದ ಬಿಟ್ಟ ಮೇಲೆ ಅವನು ಸಭೆಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಆರ್ಲೀಥಾ ಮೊದಲನೆಯದರಲ್ಲಿ. ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆ ಎನ್ನುವ ಸಾಲು ಬರುವಲ್ಲಿಗೆ ಅವಳ ತುಟಿ ನಿಂತುಬಿಡುತ್ತಿತ್ತು. ಸಾಲು ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಿದ್ದಳು. ಅಕ್ಕಪಕ್ಕದವರಿಗೆ ಅದು ಗೊತ್ತಿತ್ತು. ದೇವರಿಗೂ ಗೊತ್ತಿದ್ದೀತು.

ವರ್ಷದ ಮೊದಲ ಹಿಮ ಹಿತ್ತಿಲಲ್ಲಿ ಬಿದ್ದಿತ್ತು. ಹಿಮ ಕಚ್ಚಿದ ಸೊಪ್ಪಿಗೆ ಕಹಿ ಕಡಿಮೆ. ಹೊಗೆ ಹಾಕಿದ ಹಂದಿಕಾಲಿನ ಗೆಣ್ಣು ಪಾತ್ರೆಯಲ್ಲಿ ಬೆಳಗಿನಿಂದ ಕುದ್ದು ಕುದ್ದು ಎಲುಬು ಬಿಡುತ್ತಿತ್ತು. ಆರ್ಲೀಥಾ ಎಲೆಗಳನ್ನು ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ, ಕತ್ತರಿಸಿ, ಹಿಡಿಹಿಡಿಯಾಗಿ ಪಾತ್ರೆಗೆ ಹಾಕಿದಳು. ಗೋಪುರದಂತೆ ನಿಂತ ಸೊಪ್ಪು ಸೌಟಿನ ಕೆಳಗೆ ಬಾಡಿ, ನಿಧಾನವಾಗಿ ರಸದೊಳಗೆ ಇಳಿಯಿತು.

ಮಧ್ಯಾಹ್ನ ಹಿಂಬಾಗಿಲು ತಟ್ಟಿದ ಸದ್ದಾಯಿತು. ರೂಬಿನ್‌ನ ಹೆಂಡತಿ ವಿಲೋಡೀನ್.

"ಬಂದ್ಲು ನೋಡು," ಎಂದಳು ಜೋನಿ, ದಂಟಿನ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು.

ವಿಲೋಡೀನ್ ಒಳಗೆ ಕಾಲಿಟ್ಟವಳು ಒಲೆಯ ಮೇಲಿನ ದೊಡ್ಡ ಪಾತ್ರೆಯನ್ನು ನೋಡಿ ಬಾಯಿಗೆ ಕೈ ಹಿಡಿದಳು. "ಅಕ್ಕಾ, ನಾನು... ಸೊಪ್ಪಿಲ್ದೇನೇ ಊಟ ಆಗಿಹೋಗ್ಲಿ ಅನ್ಕೊಂಡಿದ್ದೆ."

"ಕೂತ್ಕೋ. ಏನಾದ್ರೂ ತಿಂದಿದೀಯಾ?"

ಅವಳು ತಲೆಯಾಡಿಸಿದ ರೀತಿಯಲ್ಲೇ ತಿಂದಿಲ್ಲವೆಂದು ಗೊತ್ತಾಯಿತು. ಆರ್ಲೀಥಾ ಸೊಪ್ಪಿನ ರಸವನ್ನು ಬಟ್ಟಲಿಗೆ ಬಗ್ಗಿಸಿ, ಮೆಕ್ಕೆಜೋಳದ ಬ್ರೆಡ್ಡು ಮುರಿದು ಹಾಕಿ, ಅವಳ ಮುಂದಿಟ್ಟಳು. ಬಾಣಂತಿಗೆ, ಜ್ವರದವರಿಗೆ ಕೊಡುವ ಹಾಗೆ. ವಿಲೋಡೀನ್ ಬಗ್ಗಿ ತಿಂದಳು.

"ನಮ್ಮನೆಯವರು ಪ್ರತಿ ಭಾನುವಾರ ನಿಮ್ಮ ಬೆನ್ನು ನೋಡ್ತಾ ಕೂತಿರ್ತಿದ್ರು ಅಕ್ಕಾ," ಎಂದಳು ವಿಲೋಡೀನ್. "ಈ ವಾರ ಎದ್ದು ಹೋಗ್ತೀನಿ, ಕಾಲಿಗೆ ಬೀಳ್ತೀನಿ ಅನ್ನೋರು. ಏಳೋಕೆ ಆಗ್ತಿರ್ಲಿಲ್ಲ."

"ಗೊತ್ತು."

"ನಾಳೆ ಪೆಟ್ಟಿಗೆ ಮುಚ್ಚೋಕ್ ಮುಂಚೆ ಅವರ ಕಿವೀಲಿ ಒಂದು ಮಾತು ಹೇಳಿ ಕಳಿಸ್ಬೇಕು. ನೀವು ಕ್ಷಮಿಸಿದೀರಿ ಅಂತ. ಎಲ್ಲರ ಎದುರಿಗೆ ಬೇಡ. ಇಲ್ಲೇ, ನಂಗೆ ಹೇಳಿ ಸಾಕು. ಸೊಪ್ಪು ಮಾಡಿದೀರಲ್ಲಾ, ಅದರಲ್ಲೇ ಇದೆ ಅಲ್ವಾ ಅದು?"

ಆರ್ಲೀಥಾ ಸೌಟಿನ ತುದಿಯಿಂದ ರಸ ತೆಗೆದು ಅಂಗೈಗೆ ಬಿಟ್ಟು ನೆಕ್ಕಿದಳು. ಚೂರು ವಿನಿಗರ್ ಹಾಕಿದಳು. ಉರಿ ತಗ್ಗಿಸಿದಳು.

"ಪಾತ್ರೆ ನಾನೇ ಹೊತ್ಕೊಂಡು ಬರ್ತೀನಿ. ನಾನೇ ನಿಂತು ಬಡಿಸ್ತೀನಿ. ನಿನ್ನ ಮಕ್ಕಳ ತಟ್ಟೆಗೆ ಮೊದಲು ಹಾಕ್ತೀನಿ. ಆ ಮಾತು ಮಾತ್ರ ಕೇಳ್ಬೇಡ."

"ಬರೀ ಬಾಯಿಮಾತಿಗಾದ್ರೂ ಹೇಳಿ ಅಕ್ಕಾ. ಸತ್ತೋರು ಏನು ಪರೀಕ್ಷೆ ಮಾಡ್ತಾರಾ?"

ಜೋನಿಯ ಕೈ ದಂಟಿನ ಮೇಲೆ ನಿಂತಿತು.

"ಇಲ್ಲ ವಿಲೋಡೀನ್," ಎಂದಳು ಆರ್ಲೀಥಾ. "ಹೇಳಲ್ಲ."