ಬಾವುಟ ಹಿಡಿದ ವರ್ಷ

ಒದಿಲಿಯಾ ಫೋಟೋವನ್ನು ಮೇಜಿನ ಮೇಲಿಟ್ಟು ಮಿಸೆಸ್ ಬರಾಗಾನ್ ಕಡೆಗೆ ತಿರುಗಿಸಿದಳು. ದ್ರಾಕ್ಷಿ ತೋಟದಿಂದ ನೇರ ಬಂದಿದ್ದಳು. ಎಲೆಯ ಹಸಿರು ಕಲೆ ಬೆರಳಿಂದ ಹೋಗಿರಲಿಲ್ಲವಾದ್ದರಿಂದ ಕೈಯನ್ನು ತಕ್ಷಣ ತೊಡೆಯ ಮೇಲಿದ್ದ ಟೋಪಿಯಡಿ ಮುಚ್ಚಿಕೊಂಡಳು.

"ನಡುವೆ ಬಾವುಟ ಹಿಡ್ಕೊಂಡಿದಾಳಲ್ಲ, ಇವ್ಳೇ. ನಮ್ಮೂರಲ್ಲಿ ಇಡೀ ಶಾಲೆಗೆ ಮೊದಲು ಬಂದವರಿಗೇ ಅದನ್ನ ಕೊಡೋದು."

"ಅಕ್ಕಾ, ಸಾಕು," ಎಂದಳು ಪಕ್ಕದಲ್ಲಿ ಕೂತಿದ್ದ ನೊಯೆಮಿ, ನೆಲ ನೋಡುತ್ತಾ.

ಫೋಟೋದಲ್ಲಿ ಅವಳು ನೆಲ ನೋಡುತ್ತಿರಲಿಲ್ಲ. ಗಡಿಯಾಚೆ, ಒಹಾಕಾದ ತಮ್ಮೂರ ಬಿಸಿಲಲ್ಲಿ, ಆರು ಹುಡುಗಿಯರ ನಡುವೆ, ಗಲ್ಲ ಎತ್ತಿ ನಿಂತಿದ್ದಳು. ಕೈಗೆ ಬಿಳಿ ಕೈಗವಸು.

ಹೈಸ್ಕೂಲಿನ ಮಕ್ಕಳನ್ನು ಕಾಲೇಜಿಗೆ ದಾಟಿಸುವ ಕೆಲಸ ಮಿಸೆಸ್ ಬರಾಗಾನರದು. ಫ್ರೆಸ್ನೋದ ಸರ್ಕಾರಿ ಕಾಲೇಜಿನಲ್ಲಿ ನೊಯೆಮಿಗೆ ಸೀಟು ಸಿಕ್ಕ ದಿನ ಅವರೇ ಕುಣಿದಾಡಿದ್ದರು. ಈ ದೇಶದಲ್ಲಿರಲು ಕಾಗದವಿಲ್ಲದ ಮಕ್ಕಳಿಗೂ ರಾಜ್ಯದ ನೆರವು ಉಂಟು, ಹೆದರಬೇಡಿ ಎಂದವರೂ ಅವರೇ. ಪಕ್ಕದ ಮನೆಯ ಫಿಡೆಲ್‌ಗೂ ಕಾಗದವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಗೊರಕೆ ಹೊಡೆದೇ ಹೈಸ್ಕೂಲು ಮುಗಿಸಿದವನು ಹೋದ ವರ್ಷ ನೆರವು ಪಡೆದು ಹೋಗಿದ್ದ.

"ಕಾಗದದ್ದಲ್ಲ ತೊಂದ್ರೆ," ಎಂದರು ಮಿಸೆಸ್ ಬರಾಗಾನ್. "ನೆರವು ಸಿಗೋಕೆ ಇಲ್ಲಿನ ಶಾಲೇಲಿ ಮೂರು ವರ್ಷ ಓದಿರ್ಬೇಕು. ನೊಯೆಮಿದು ಎರಡೇ ಆಗಿದೆ. ಇಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾಳೆ, ಮೊದಲಿಂದ ಇಲ್ಲೇ ಇದ್ದಾಳೆ ಅಂದ್ಕೊಂಡ್ಬಿಟ್ಟೆ. ತಪ್ಪು ನಂದು."

"ಹತ್ತನೇದು ಊರಲ್ಲಿ ಓದಿದ್ಲಲ್ಲ. ಈ ಫೋಟೋ ಅದೇ ವರ್ಷದ್ದು. ಸರ್ಟಿಫಿಕೇಟೂ ತಂದಿದೀನಿ, ಸೀಲ್ ಹಾಕಿದಾರೆ."

"ಅದು ಲೆಕ್ಕಕ್ಕೆ ಬರಲ್ಲಮ್ಮ."

"ಮೊದಲನೇ ಸ್ಥಾನ ಅಂತ ಬರೆದಿದಾರೆ, ನೋಡಿ."

"ಗೊತ್ತು." ಮಿಸೆಸ್ ಬರಾಗಾನ್ ಕನ್ನಡಕ ತೆಗೆದರು. "ಆ ವರ್ಷ ಇಲ್ಲಿಗೆ ಬಂದು ಸುಮ್ನೆ ಬೆಂಚಲ್ಲಿ ನಿದ್ದೆ ಹೊಡೆದಿದ್ರೂ ಆಗ್ತಿತ್ತು."

ನೆರವಿಲ್ಲದೆ ಸೇರಿದರೆ ಹೊರರಾಜ್ಯದವರ ದುಬಾರಿ ಫೀಸು. ಅಕ್ಕತಂಗಿ ಇಬ್ಬರೂ ದುಡಿದರೂ ಅದು ಕೈಗೆಟುಕುವ ಮಾತಲ್ಲ. ಒಂದು ದಾರಿಯಿದೆ, ಎಂದರು ಅವರು. ದೊಡ್ಡವರ ಸಂಜೆ ಶಾಲೆಯಲ್ಲಿ ಒಂದು ವರ್ಷ ಓದಿದರೆ ಮೂರು ತುಂಬುತ್ತದೆ. ಈ ಸೀಟು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು.

ಒದಿಲಿಯಾ ಫೋಟೋವನ್ನು ಸರ್ಟಿಫಿಕೇಟಿನ ಮಡಿಕೆಯೊಳಗೆ ಸೇರಿಸಿದಳು.

ಫೋಟೋ ತೆಗೆದ ಆ ವರ್ಷ ಡೊರೊಟೆಯೊ ಮಾವನ ಸಂಸಾರ ಗಡಿ ದಾಟಿ ಹೊರಟಿತ್ತು. ಹುಡುಗಿಯನ್ನೂ ಜೊತೆಗೆ ಕಳಿಸಲೇ ಎಂದು ಊರಿಂದ ಅಜ್ಜಿ ಫೋನಿನಲ್ಲಿ ಕೇಳಿದ್ದಳು. "ಬಾವುಟ ಕೊಡ್ತಾರಂತಲ್ಲಜ್ಜಿ, ಅರ್ಧಕ್ಕೆ ಬಿಡಿಸ್ಬೇಡ. ಮುಗಿಸ್ಕೊಂಡೇ ಬರ್ಲಿ," ಎಂದವಳು ಒದಿಲಿಯಾ. ಅವಳು ಆರನೇ ತರಗತಿ ಅರ್ಧಕ್ಕೆ ಬಿಟ್ಟಿದ್ದಳು. ಸೋಮವಾರಗಳಂದು ಶಾಲೆಯ ಅಂಗಳದಲ್ಲಿ ಬಾವುಟದ ಮೆರವಣಿಗೆ ಹಾದುಹೋಗುವಾಗ ಕೊನೆಯ ಸಾಲಿನಿಂದ ಅವಳಿಗೆ ಕಂಡದ್ದು ಕೋಲಿನ ತುದಿ ಮಾತ್ರ. ಬಿಳಿ ಕೈಗವಸನ್ನು ಇಲ್ಲಿ ಮಡೇರಾದ ಅಂಗಡಿಯಲ್ಲಿ ಹುಡುಕಿ ಕಳಿಸಿದವಳೂ ಅವಳೇ.

ಮನೆಗೆ ನಡೆದು ಹೋಗುವಾಗ ನೊಯೆಮಿ ಬಿರುಸಾಗಿ ಮುಂದೆ ಮುಂದೆ ಹೋದಳು. ಹಳಿಯ ಹತ್ತಿರ ಗೂಡ್ಸ್ ಗಾಡಿ ಬಂದದ್ದರಿಂದ ನಿಲ್ಲಬೇಕಾಯಿತು.

"ನನ್ಮೇಲೆ ಸಿಟ್ಟಾ?" ಒದಿಲಿಯಾ ಗಾಡಿಯ ಸದ್ದಿನ ಮೇಲೆ ಕೂಗಿ ಕೇಳಿದಳು.

"ಯಾಕೆ?"

"ಮಾವನ ಜೊತೆ ಬರೋದು ಬೇಡ ಅಂದಿದ್ದು ನಾನೇ ತಾನೆ."

ನೊಯೆಮಿ ಡಬ್ಬಿಗಳು ಮುಗಿಯುವವರೆಗೆ ಅವನ್ನೇ ನೋಡುತ್ತಾ ನಿಂತಳು.

"ನಂಗೂ ಬಾವುಟ ಬೇಕಿತ್ತು," ಎಂದಳು ಆಮೇಲೆ. "ಒಂದೇ ವರ್ಷ ಅಲ್ವಾ ಅಕ್ಕ. ಬೆಳಿಗ್ಗೆ ನಿನ್ ಜೊತೆ ತೋಟ, ಸಂಜೆ ಶಾಲೆ."

ಹದಿನೈದಕ್ಕೆ ಊರು ಬಿಟ್ಟಾಗ ತಾನೂ ಅಜ್ಜಿಗೆ ಒಂದೇ ಹಂಗಾಮು ಎಂದಿದ್ದು ಒದಿಲಿಯಾಗೆ ನೆನಪಿತ್ತು.

ಶಾಲೆ ಮುಗಿದ ಮರುವಾರವೇ ತೋಟದಲ್ಲಿ ಎಲೆ ಕೀಳುವ ಕೆಲಸಕ್ಕೆ ನೊಯೆಮಿಯನ್ನೂ ಕರೆದುಕೊಂಡು ಹೋದಳು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ವ್ಯಾನಿನಿಂದ ಇಳಿದ ಹುಡುಗಿಯನ್ನು ನೋಡಿ ಚೇಲಾ ಎಂಬ ಹೆಸರಿನ ಹೆಣ್ಣು ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟಳು.

"ಬಂದ್ರಾ ಪ್ರೊಫೆಸರಮ್ಮ! ದ್ರಾಕ್ಷಿಗೆ ಪಾಠ ಹೇಳೋಕಾ?"

"ಒಂದೇ ವರ್ಷ ಚಿಕ್ಕಮ್ಮ. ಆಮೇಲೆ ಕಾಲೇಜಿಗೆ ಹೋಗ್ತೀನಿ."

"ನಾನೂ ಒಂದು ವರ್ಷಕ್ಕೇ ಬಂದಿದ್ದು ಕಣೇ. ನಂದಿನ್ನೂ ಮುಗಿದೇ ಇಲ್ಲ!"

ಹೆಂಗಸರೆಲ್ಲ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೊಯೆಮಿಯೂ ನಕ್ಕಳು.

"ಸಂಜೆ ಶಾಲೆಗೆ ಸೇರಿಸ್ತೀನಿ," ಎಂದಳು ಒದಿಲಿಯಾ.

"ಸೇರ್ಸು, ಸೇರ್ಸು. ಆದ್ರೆ ವಾಪಸ್ ಬರೋಕೆ ರಾತ್ರಿ ಆ ಹೊತ್ತಲ್ಲಿ ಬಸ್ಸೆಲ್ಲಿದೆ ಆ ಕಡೆಯಿಂದ?" ಚೇಲಾ ಸಾಲು ಹಂಚುತ್ತಾ ಮುಂದೆ ಹೋದಳು.

ಒದಿಲಿಯಾ ತಂಗಿಯ ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿ, ಮೇಲೆ ಟೋಪಿಯಿಟ್ಟಳು. ಕಣ್ಣುಗಳಷ್ಟೇ ಉಳಿದವು. ಆಮೇಲೆ ತನ್ನ ಚೀಲದಿಂದ ಹಳೆಯ ಕೈಗವಸು ತೆಗೆದು ತೊಡಿಸಿದಳು. ದೊಡ್ಡದಾಯಿತು. ಅದರ ಬೆರಳ ತುದಿಗಳು ಖಾಲಿಯಾಗಿ ಜೋತುಬಿದ್ದವು.

"ಕೈ ಚಾಚು. ಅಲ್ಲಾಡಿಸ್ಬೇಡ."

ನೊಯೆಮಿ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ನೆಟ್ಟಗೆ ಚಾಚಿ, ಗಲ್ಲ ಎತ್ತಿ ನಿಂತಳು. ಒದಿಲಿಯಾ ತಲೆ ಬಗ್ಗಿಸಿ, ಕೈಗವಸು ಜಾರದಂತೆ ಮಣಿಕಟ್ಟಿನ ಸುತ್ತ ಟೇಪು ಸುತ್ತತೊಡಗಿದಳು. ಒಂದು ಸುತ್ತು ಸಾಕಿತ್ತು. ಅವಳು ಸುತ್ತುತ್ತಲೇ ಇದ್ದಳು.