ಬೋರಲು ಹಾಕಿದ ಲೋಟ

ಮೂರು ಹೆಜ್ಜೆ ಇಟ್ಟಮೇಲೆ ಎಡಗಾಲನ್ನು ಒಂದಿಷ್ಟೇ ಎಳೆಯಬೇಕು. ರೋಸಿಲಿ ಎಳೆದಳು. ಒದ್ದೆ ಸಿಮೆಂಟು ಚಪ್ಪಡಿಯ ಮೇಲೆ ಗಂಬೂಟಿನ ಅಂಚು ಉಜ್ಜಿತು. ಎದುರಿನ ಪರದೆಯಲ್ಲಿ ಮಳೆಕೋಟು ತೊಟ್ಟ ಕೊಲೆಗಾರನ ಕಾಲುಗಳು ಅದೇ ಗಳಿಗೆಗೆ ದೋಣಿಕಟ್ಟೆಯ ಮೆಟ್ಟಿಲು ದಾಟಿ ಮರೆಯಾದವು.

“ಸಿಕ್ತು ಚೇಚಿ,” ಗಾಜಿನ ಆಚೆಯಿಂದ ಧ್ವನಿಮುದ್ರಕ ಬಿಜೋಯ್ ಹೇಳಿದ. “ಇನ್ನು ಉಸಿರು ಬಿಡ್ಬಹುದು.”

ಉಸಿರು ಬಿಟ್ಟು ರೋಸಿಲಿ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಸದ್ದಾಗುತ್ತದೆಂದು ಎ.ಸಿ. ನಿಲ್ಲಿಸಿದ್ದರು. ಗಂಜಿ ಕಾಣದ ಹಳೆಯ ಚೂಡಿದಾರ ಬೆನ್ನಿಗೆ ಅಂಟಿಕೊಂಡಿತ್ತು. ಬಳೆಗಳನ್ನು ಬೆಳಿಗ್ಗೆಯೇ ಕಳಚಿ ಪರ್ಸಿನಲ್ಲಿಟ್ಟಿದ್ದಳು. ಮಲಯಾಳ ಚಿತ್ರಗಳ ಈ ಕಾಕ್ಕನಾಡು ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಚೇಚಿ, ಅಕ್ಕ. ಇಲ್ಲಿನ ಕತ್ತಲಕೋಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ ಇದೇ. ಸಿನಿಮಾದಲ್ಲಿ ನಡೆಯುವವರಿಗೆ ಹೆಜ್ಜೆಯ ಸದ್ದು ಕೊಡಬೇಕು. ನಾಯಕ ಓಡಿದರೆ ಅವಳು ನಿಂತಲ್ಲೇ ಓಡಬೇಕು, ಯಾರೋ ಪಾತ್ರೆ ಇಟ್ಟರೆ ಅವಳೂ ಇಡಬೇಕು. ಅವಳ ಹೆಸರು ಕಟ್ಟಕಡೆಗೆ, ಜನ ಎದ್ದುನಿಂತು ಬೈಕಿನ ಕೀಲಿ ತಡಕುವ ಹೊತ್ತಿಗೆ ಬರುತ್ತದೆ.

ಆರು ರೀಲುಗಳ ಚಿತ್ರ. ಐದು ಮುಗಿದಿದ್ದವು. ಆರನೆಯದನ್ನು ನಿರ್ದೇಶಕ ರೆನೀಶ್ ತನ್ನ ಬಳಿಯೇ ಇಟ್ಟುಕೊಂಡಿದ್ದ. ಪತ್ತೇದಾರಿ ಚಿತ್ರವೆಂದರೆ ಇಲ್ಲಿ ಎಲ್ಲರೂ ಹೀಗೇ; ಕೊಲೆಗಾರ ಯಾರೆಂಬುದು ಹೊರಗೆ ಬೀಳಬಾರದೆಂದು ಕೊನೆಯ ರೀಲನ್ನು ಕೊನೆಯ ದಿನವೇ ಕೊಡುತ್ತಾರೆ. ಇಂತಹ ಚಿತ್ರಗಳಿಗೆ ರೋಸಿಲಿ ನಲವತ್ತು ಸಲವಾದರೂ ನಡೆದಿದ್ದಾಳೆ. ಮೊದಲ ಒಂದು ಗಂಟೆ ಎದೆ ಹಿಡಿದು ಕೂರಿಸಿ, ಕೊನೆಗೆ ಎಲ್ಲವೂ ಕನಸೆಂದೋ, ಡಾಕ್ಟರಿಗೇ ಹುಚ್ಚೆಂದೋ ಹೇಳಿ ಕೈತೊಳೆದುಕೊಂಡವು ಎಷ್ಟೋ. ಆದರೆ ಇದು ಹಾಗಾಗದು ಎಂದು ಈ ಹತ್ತು ದಿನವೂ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅವಳಿಗೆ ಅನ್ನಿಸುತ್ತಿತ್ತು.

ಎಷ್ಟು ಚೆನ್ನಾಗಿ ತೆಗೆದಿದ್ದ ಹುಡುಗ! ಹೊಳೆದಂಡೆಯ ಸಣ್ಣ ಊರು. ಮೂವರು ಗಂಡಸರ ಕೊಲೆ, ಮೂರೂ ಸಂಜೆ ನಾಲ್ಕರ ಚಾಯದ ಹೊತ್ತಿಗೆ. ತನಿಖೆಗೆ ಬಂದ ಎಸ್.ಐ. ಅದೇ ಊರಿನ ನಿವೃತ್ತ ಟೀಚರ್ ಭಾನುಮತಿಯ ಮಗ. ಪೊಲೀಸರೆಲ್ಲ ಅವಳ ಮನೆಯ ಜಗುಲಿಯಲ್ಲೇ ಕೂತು ಕೊಲೆಯ ಮಾತಾಡುತ್ತಾರೆ, ಅವಳು ಚಾಯ ತಂದಿಟ್ಟು ಒಳಗೆ ಹೋಗುತ್ತಾಳೆ. ಒಬ್ಬನೂ ತಲೆಯೆತ್ತಿ ಅವಳನ್ನು ನೋಡುವುದಿಲ್ಲ. ಕ್ಯಾಮೆರಾ ಕೂಡ ಅವಳ ಮುಖಕ್ಕೆ ಹತ್ತಿರ ಹೋಗುವುದಿಲ್ಲ. ಆ ಮೂವರಿಂದ ಒಂದು ಕಾಲದಲ್ಲಿ ಅವಳ ಶಾಲೆಯ ಹುಡುಗಿಯೊಬ್ಬಳಿಗೆ ಏನಾಗಿತ್ತೆಂಬುದು ಎರಡನೇ ರೀಲಿನಲ್ಲಿ ಒಂದೇ ವಾಕ್ಯದಲ್ಲಿ ಬಂದುಹೋಗುತ್ತದೆ. ಮತ್ತೆ, ಆ ಲೋಟ! ಕೊಂದಾದಮೇಲೆ ಕೈಗವಸು ತೊಟ್ಟ ಕೊಲೆಗಾರ ಸತ್ತವನು ಕುಡಿದ ಗಾಜಿನ ಲೋಟವನ್ನು ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಾನೆ. ಪೊಲೀಸರು ಚಾಕು ಹುಡುಕುತ್ತಾರೆ, ಬೆರಳಚ್ಚು ಹುಡುಕುತ್ತಾರೆ. ಬೋರಲು ಹಾಕಿದ ಲೋಟ ಅವರ ಕಣ್ಣೆದುರೇ ನೀರಿಳಿಸಿಕೊಂಡು ಕೂತಿರುತ್ತದೆ.

ಕೊಲೆಗಾರನ ಆ ಕಾಲುಗಳಂತೂ ರೋಸಿಲಿಗೆ ಮೊದಲ ದಿನವೇ ಗುರುತು ಸಿಕ್ಕಿದ್ದವು. ಭಾನುಮತಿ ಟೀಚರ್ ಪಾತ್ರ ಮಾಡಿದ್ದ ಹಿರಿಯ ನಟಿ ಸೌದಾಮಿನಿಯಮ್ಮನಿಗೆ ಹನ್ನೊಂದು ಚಿತ್ರಗಳಲ್ಲಿ ಹೆಜ್ಜೆ ಕೊಟ್ಟವಳು ಅವಳು. ನಾಟಕ ಕಂಪನಿಯ ಕಾಲದಲ್ಲಿ ರಂಗದಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದ ಆಕೆ ಮೂರು ಹೆಜ್ಜೆಗೊಮ್ಮೆ ಎಡಗಾಲು ಎಳೆಯುತ್ತಾಳೆ. ಗಂಬೂಟಿನೊಳಗೆ ಅಡಗಿಸಿದರೂ ಅದು ಅದೇ ಕಾಲು. ಹಾಗಾಗಿ ರೋಸಿಲಿ ಕೊಲೆಗಾರನ ಹೆಜ್ಜೆಗಳನ್ನೆಲ್ಲ ಹೆಂಗಸಿನ ಹೆಜ್ಜೆಯಾಗಿಯೇ ಇಟ್ಟಿದ್ದಳು. ದೊಡ್ಡ ಬೂಟಿನೊಳಗೆ ಸಣ್ಣ ಪಾದ ಜಾರುವ ಸದ್ದನ್ನು ತರಲು ಎರಡು ದಿನ ಒದ್ದಾಡಿದ್ದಳು. ಒಂದು ಸಲ ಕೇಳಿದರೆ ತಿಳಿಯದು. ಎರಡನೆಯ ಸಲ ಚಿತ್ರ ನೋಡುವವರು, “ಅಯ್ಯೋ, ಮೊದಲಿಂದಲೂ ಹೇಳ್ತಾನೇ ಇದ್ರಲ್ಲ!” ಅನ್ನಬೇಕು. ಅದೊಂದು ಮಾತಿಗಾಗಿ ಅವಳು ಕಾದಿದ್ದಳು.

ಮಧ್ಯಾಹ್ನ ರೆನೀಶ್ ಬಂದ. ಒಂದು ಕೈಯಲ್ಲಿ ಹಾರ್ಡ್ ಡಿಸ್ಕು, ಇನ್ನೊಂದರಲ್ಲಿ ಎಣ್ಣೆ ಒಸರುವ ಪಳಂಪೊರಿಯ ಪೊಟ್ಟಣ.

“ಚೇಚಿ, ಬಾಳೆಹಣ್ಣಿನ ಬೋಂಡ ಬಿಸಿ ಇದೆ, ಮೊದಲು ತಿನ್ನಿ. ನೋಡಿದ್ಮೇಲೆ ಬಾಯಿ ಮುಚ್ಚಕ್ಕಾಗಲ್ಲ.”

“ತಿಂದ್ರೆ ಹೊಟ್ಟೆ ಗುರ್ ಅನ್ನತ್ತೆ ಮೋನೇ, ಮೈಕು ಅದನ್ನೂ ಹಿಡಿಯತ್ತೆ. ಮೊದಲು ಹಾಕು,” ಎಂದಳು ರೋಸಿಲಿ, ಮಗನಿಗೆ ಹೇಳುವಂತೆ.

“ನಂಗೆ ಕೊಡಿ, ನನ್ ಹೊಟ್ಟೆ ಯಾವ ಮೈಕಿಗೂ ಬೇಡ,” ಎಂದು ಬಿಜೋಯ್ ಎರಡು ಎತ್ತಿಕೊಂಡ.

ಆರನೆಯ ರೀಲು ಶುರುವಾಯಿತು. ಮಳೆ, ಹಳೆಯ ಹೆಂಚಿನ ಕಾರ್ಖಾನೆ, ಎಸ್.ಐ.ಯ ಕೈಯಲ್ಲಿ ಟಾರ್ಚು. ಮಳೆಕೋಟಿನವನು ತಿರುಗಿದ. ರೋಸಿಲಿ ತನಗರಿವಿಲ್ಲದೆ ಮುಂದೆ ಬಾಗಿದಳು. ಟೋಪಿ ಸರಿದು ಮುಖ ಕಂಡಿತು. ಎಸ್.ಐ.ಯದೇ ಮುಖ! ಹುಟ್ಟುವಾಗಲೇ ಬೇರೆಯಾದ ಅವಳಿ ತಮ್ಮ, ಮುಂಬೈಯಲ್ಲಿ ಬೆಳೆದವನು. ಏಳು ನಿಮಿಷ ಅವನೇ ನಿಂತು ತನ್ನ ಕಥೆ ಹೇಳಿದ. ಆಮೇಲೆ ಗುಂಡು, ಬೆಂಕಿ. ಕೊನೆಗೆ ಮಗ ಮನೆಗೆ ಬಂದು ಜಗುಲಿಯಲ್ಲಿ ಕೂರುತ್ತಾನೆ. ಅಮ್ಮ ಚಾಯ ಕೊಡುತ್ತಾಳೆ, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಕ್ಯಾಮೆರಾ ಮಗನ ಮುಖದ ಮೇಲೇ ನಿಲ್ಲುತ್ತದೆ. ಕತ್ತಲು.

“ಹೇಗೆ?” ರೆನೀಶನ ಕಣ್ಣುಗಳು ಹೊಳೆಯುತ್ತಿದ್ದವು. “ಒಬ್ಬನಾದ್ರೂ ಊಹಿಸ್ತಾನಾ ಹೇಳಿ!”

“ಇಲ್ಲ,” ಎಂದಳು ರೋಸಿಲಿ. “ಹೇಗೆ ಊಹಿಸ್ತಾನೆ? ಐದು ರೀಲಲ್ಲಿ ಆ ತಮ್ಮ ಎಲ್ಲೂ ಇರ್ಲಿಲ್ವಲ್ಲ.”

ಬಿಜೋಯ್ ಪಳಂಪೊರಿ ಅಗಿಯುವುದನ್ನು ನಿಲ್ಲಿಸಿದ.

“ಆ ಬೂಟಿನ ಕಾಲು ಸೌದಾಮಿನಿಯಮ್ಮಂದು,” ಎಂದಳು ಅವಳು. “ಹೌದೋ ಅಲ್ವೋ?”

ರೆನೀಶ್ ಬೆರಗಾಗಿ ನೋಡಿ ನಕ್ಕುಬಿಟ್ಟ. “ನಿಮ್ ಕಣ್ಣಿಗೆ ದೃಷ್ಟಿ ತೆಗೀಬೇಕು! ಆವತ್ತು ಹೀರೋ ಬಂದಿರ್ಲಿಲ್ಲ. ಕಾಲು, ಕೈ ಅಷ್ಟೇ ಕಾಣೋದಲ್ವಾ, ಯಾರದಾದ್ರೇನು? ಸೌದಾಮಿನಿಯಮ್ಮ ಸುಮ್ನೆ ಕೂತಿದ್ರು, ಮಳೆಕೋಟು ಹಾಕ್ಸಿ ನಿಲ್ಲಿಸ್ದೆ.”

“ಮತ್ತೆ ಲೋಟ?”

“ಅದನ್ನ ಬರ್ದಿರ್ಲೇ ಇಲ್ಲ ಚೇಚಿ! ಕಟ್ ಅಂದ್ಮೇಲೂ ಕ್ಯಾಮೆರಾ ಓಡ್ತಿತ್ತು. ಅಮ್ಮ ಅಭ್ಯಾಸಬಲದಿಂದ ಲೋಟ ತೊಳ್ದು ಬೋರಲು ಹಾಕಿದ್ರು. ನೋಡಿ ಮೈ ಜುಂ ಅಂತು. ಆಮೇಲೆ ಮೂರು ಕೊಲೆಗೂ ಅದನ್ನೇ ಇಟ್ಕೊಂಡೆ.”

ರೋಸಿಲಿ ಅವನನ್ನೇ ನೋಡಿದಳು. ಬಯ್ಯಬೇಕೆಂದಿದ್ದವಳಿಗೆ ಅವನ ಮೇಲೆ ಮೆಚ್ಚಿಕೆಯೇ ಬಂತು. ಬೇರೆಯವನಾಗಿದ್ದರೆ ಆ ತುಣುಕನ್ನು ಕತ್ತರಿಸಿ ಎಸೆಯುತ್ತಿದ್ದ. ಇವನು ಕಂಡ, ಎತ್ತಿಟ್ಟುಕೊಂಡ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಇಂಥ ಕಣ್ಣು ಎಷ್ಟು ಜನಕ್ಕಿರುತ್ತದೆ? ತಾನು ಕಂಡದ್ದನ್ನು ನಂಬುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

“ಲೋಟ ತೊಳೆದು ಬೋರಲು ಹಾಕೋಳು ಆ ಟೀಚರೇ ಅಂತ ನಿಂಗೆ ಅನ್ನಿಸ್ಲೇ ಇಲ್ವಾ ಮೋನೇ?”

“ಯಾರು, ಹೀರೋ ಅಮ್ಮನಾ? ಕೊಲೆ ಮಾಡ್ತಾಳಾ?” ಅವನು ನಗುತ್ತಲೇ ಶುರುಮಾಡಿದ, ನಗು ನಡುವೆ ಎಲ್ಲೋ ನಿಂತಿತು. ಪರದೆಯ ಕಡೆ ನೋಡಿದ. ಆಮೇಲೆ ತಲೆ ಕೊಡವಿಕೊಂಡ. “ಬೇಡ ಬಿಡಿ ಚೇಚಿ, ತಲೆಗೆ ಹುಳ ಬಿಡ್ಬೇಡಿ. ಹೀರೋ ಒಪ್ಪಿದ್ದೇ ಡಬಲ್ ರೋಲ್ ಇದೆ ಅಂತ. ಅಮ್ಮ ಅಂದ್ರೆ ಜನ ಇಂಟರ್ವಲ್ಲಿಗೇ ಕಂಡುಹಿಡೀತಾರೆ.”

“ಕಂಡುಹಿಡೀಲಿ. ಕಂಡುಹಿಡಿದೋರು ಎದ್ದು ಹೋಗ್ತಾರಾ? ಅವಳು ಸಿಕ್ಕಿಬೀಳದೆ ಇರ್ಲಪ್ಪ ಅಂತ ಕೈ ಮುಗ್ದು ಕೂರ್ತಾರೆ.”

ರೆನೀಶ್ ಕೈಗಂಟಿದ ಎಣ್ಣೆ ಒರೆಸಿಕೊಂಡು ಎದ್ದ. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, ಮೆಲ್ಲಗೆ, ತಪ್ಪು ಮಾಡಿದವನಂತೆ ಹೇಳಿದ: “ಕೊಲೆಗಾರನ ಹೆಜ್ಜೆ ಎಲ್ಲಾ ಸ್ವಲ್ಪ ಭಾರ ಮಾಡ್ಬೇಕು ಚೇಚಿ. ತೊಂಬತ್ತು ಕಿಲೋ ಗಂಡಸು. ನಾಳೆ ಬೆಳಿಗ್ಗೆಗೆ ಮಿಕ್ಸಿಂಗ್. ಬೇಜಾರಿಲ್ಲ ತಾನೆ?”

“ಸಿನಿಮಾ ನಿಂದು,” ಎಂದಳು ರೋಸಿಲಿ. “ನಡೆಯೋದಷ್ಟೇ ನಂದು.”

ಅವನು ಹೋದಮೇಲೆ ಬೂಟುಗಳ ತುದಿಗೆ ಹಳೆಯ ಬಟ್ಟೆ ತುರುಕಿ, ಹೆಗಲ ಮೇಲೆ ಮರಳಿನ ಚೀಲ ಹೇರಿಕೊಂಡು ಮತ್ತೆ ಮೊದಲಿನಿಂದ ನಡೆದಳು. ಕಳ್ಳಾಟವಾಡಲಿಲ್ಲ. ಕೇಳಿದ ಭಾರವನ್ನು ಕೊಟ್ಟಳು. ಸಣ್ಣ ಪಾದ ಜಾರುವ ಸದ್ದು ಒಂದೊಂದಾಗಿ ಅಳಿಸಿಹೋಯಿತು. ಪರದೆಯ ಮೇಲಿನ ಎಡಗಾಲು ಮಾತ್ರ ಮೂರು ಹೆಜ್ಜೆಗೊಮ್ಮೆ ಎಳೆಯುತ್ತಲೇ ಇತ್ತು, ಚಿತ್ರಕ್ಕೆ ಹೊಂದಬೇಕಾದರೆ ಅವಳೂ ಎಳೆಯಲೇಬೇಕಿತ್ತು. ತೊಂಬತ್ತು ಕಿಲೋದ ಗಂಡಸು ಯಾಕೆ ಕಾಲೆಳೆಯುತ್ತಾನೆ, ಯಾಕೆ ಲೋಟ ತೊಳೆಯುತ್ತಾನೆ? ಅವನ ಏಳು ನಿಮಿಷದ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮಗನ ಜಗುಲಿಯ ದೃಶ್ಯಕ್ಕೆ ಬರುವಾಗ ಐದೂವರೆ. ಅಮ್ಮ ಲೋಟ ತೆಗೆದುಕೊಂಡಳು. ಪರದೆಯಿಂದ ಆಚೆ ಹೋದಳು. ಆಮೇಲೆ ಹನ್ನೊಂದು ಸೆಕೆಂಡು ಮಗನ ಮುಖ, ಹಿಂದೆ ತೆರೆದ ಬಾಗಿಲು, ಅದರಾಚೆ ಏನೂ ಕಾಣದ ಅಡುಗೆಮನೆ.

“ಅಷ್ಟೇ ಚೇಚಿ,” ಬಿಜೋಯ್ ಮೈಮುರಿದ. “ಅಮ್ಮ ಹೋದ್ಲು, ಇಲ್ಲಿ ಬರೀ ಮ್ಯೂಸಿಕ್ಕು. ಮನೆಗೆ ಹೋಗೋಣ್ವಾ?”

ರೋಸಿಲಿ ಮರಳಿನ ಚೀಲ ಕೆಳಗಿಟ್ಟಳು. ಹೆಗಲು ಉರಿಯುತ್ತಿತ್ತು. ಇಷ್ಟು ವರ್ಷ ಅವಳು ಕಂಡದ್ದಕ್ಕಷ್ಟೇ ಸದ್ದು ಕೊಟ್ಟಿದ್ದಳು. ಕಾಣದ್ದಕ್ಕೆ ಕೊಡೆಂದು ಯಾರೂ ಕೇಳಿರಲಿಲ್ಲ, ಕೊಡಬೇಡವೆಂದೂ ಹೇಳಿರಲಿಲ್ಲ. ಆ ತೆರೆದ ಬಾಗಿಲನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

“ಇನ್ನೊಂದಿದೆ,” ಎಂದಳು. “ಮೈಕನ್ನ ಒಂದಿಷ್ಟು ದೂರ ಇಡು.”

“ಏನೂ ಕಾಣಲ್ವಲ್ಲ ಅಲ್ಲಿ?”

“ಅಡುಗೆಮನೆ ಅಂದ್ಮೇಲೆ ಸದ್ದಿರಲ್ವಾ? ನಿಮ್ಮನೇಲಿ ಲೋಟ ತಾನಾಗೇ ತೊಳ್ಕೊಳ್ಳತ್ತಾ?”

“ನಮ್ಮನೇಲಿ ನನ್ ತಲೆ ಮೇಲೇ ಬೀಳತ್ತೆ,” ಎಂದು ಗೊಣಗುತ್ತಾ ಅವನು ಮೈಕು ಸರಿಸಿದ.

ರೋಸಿಲಿ ಗಂಬೂಟು ಕಳಚಿದಳು. ಭಾನುಮತಿ ಟೀಚರ್ ಹೆಜ್ಜೆಗೆಂದು ಇಟ್ಟಿದ್ದ ಸವೆದ ರಬ್ಬರ್ ಚಪ್ಪಲಿ ಮೆಟ್ಟಿದಳು. ಗಾಜಿನ ಲೋಟವನ್ನು ಬಲಗೈಯಲ್ಲಿ ಹಿಡಿದು, ನೀರಿನ ಬಕೆಟು ಮತ್ತು ಕಲ್ಲಿನ ತುಂಡು ಎರಡೂ ಕೈಗೆಟಕುತ್ತವೆಯೇ ಎಂದು ನೋಡಿಕೊಂಡಳು. ನಾಳೆ ರೆನೀಶ್ ಇದನ್ನು ತೆಗೆದುಹಾಕಬಹುದು, ಇಲ್ಲವೇ ಈ ಸದ್ದು ಸಂಗೀತದ ಅಡಿಯಲ್ಲಿ ಹಾಗೇ ಉಳಿದುಬಿಡಬಹುದು. ಎಲ್ಲೋ ಎರಡನೆಯ ಸಲ ಚಿತ್ರ ನೋಡುವ ಯಾವಳಿಗಾದರೂ ಕೇಳಿಸಬಹುದು. ಹೆಸರು ಬರುವ ಹೊತ್ತಿಗೆ ಎದ್ದು ನಿಂತವಳು ಮತ್ತೆ ಕೂರಬಹುದು.

“ರೆಡಿ ಚೇಚಿ.”

ಅವಳು ಉಸಿರು ಹಿಡಿದಳು. ಒಂದು, ಎರಡು, ಮೂರು ಹೆಜ್ಜೆ. ಎಡಗಾಲನ್ನು ಒಂದಿಷ್ಟೇ ಎಳೆದಳು. ನೀರು ಸುರಿದಳು. ಲೋಟವನ್ನು ಬೆರಳಿಂದ ಒಂದು ಸುತ್ತು ತಿಕ್ಕಿ, ಕಲ್ಲಿನ ಮೇಲೆ ಮೆಲ್ಲಗೆ ಬೋರಲು ಹಾಕಿದಳು.