ಬಾಗಿಲೆದುರಿನ ಬಂಡೆ

ದ್ವಾರಕಾನಾಥರು ಕದ್ದದ್ದು ಒಂದು ಪ್ರವಾಸವನ್ನು. ಪ್ರವಾಸವನ್ನೂ ಕದಿಯಬಹುದೆಂದು ಸೆಲಿನ್‌ಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಫ್ರಿಕಾದ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಮನೆ, ತೋಟಗಳ ನಕ್ಷೆ ಹಾಕಿಕೊಡುವ ಆಫೀಸು ಅವರದು. ಮಂಗಳೂರಿನ ಸೆಲಿನ್ ಅಲ್ಲಿ ತೋಟದ ಕೆಲಸ ನೋಡುವವಳು. ಹಿಂದಿನ ವರ್ಷ ರಜೆ ಹಾಕಿ, ಒಬ್ಬಳೇ ಚೀನಾಕ್ಕೆ ಹೋಗಿ, ಸುಝೌ ಊರಿನ ನೂರಾರು ವರ್ಷ ಹಳೆಯ ತೋಟವೊಂದನ್ನು ಕಣ್ತುಂಬ ನೋಡಿ ಬಂದಿದ್ದಳು. ಬಂದವಳು ಚಹಾ ಕುಡಿಯುತ್ತ ಬಾಸ್ ಮುಂದೆ ಬಾಯಿತುಂಬ ಹೇಳಿಕೊಂಡಿದ್ದಳು: ಅಂಕುಡೊಂಕು ಸೇತುವೆ, ತಾವರೆ ಕೊಳ, ಬಿದಿರಿನ ನೆರಳು ಬೀಳಲೆಂದೇ ಸುಣ್ಣ ಬಳಿದ ಗೋಡೆ.

ಚೀನೀಯರು ಮೊಂಬಾಸಾ ಬಂದರಿಗೆ ಹೊಸ ರೈಲುದಾರಿ ಹಾಕುತ್ತಿದ್ದ ಕಾಲ. ಅದೇ ನಗರದ ರುಂಡಾ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಲಿಯು ಎಂಬ ಚೀನೀ ವ್ಯಾಪಾರಿ, ಸುಝೌನಲ್ಲೇ ಹುಟ್ಟಿ ಬೆಳೆದ ತನ್ನ ತಾಯಿಗಾಗಿ ಅಂಥದೇ ತೋಟ ಬೇಕೆಂದ. ದ್ವಾರಕಾನಾಥರು ಸೆಲಿನ್ ಎದುರಲ್ಲೇ, ಕಣ್ಣು ಮಿಟುಕಿಸದೆ, ತಾವೇ ಅಲ್ಲಿಗೆ ಹೋಗಿ ಬಂದಿರುವುದಾಗಿ ಹೇಳಿದರು. ಸೇತುವೆ, ಕೊಳ, ಗೋಡೆಯ ನೆರಳು, ಎಲ್ಲ ಅವಳ ಮಾತುಗಳೇ. ಅವಳನ್ನು ಪರಿಚಯಿಸಿದ್ದು ಮಾತ್ರ ಗೆರೆ ಎಳೆಯುವ ಹುಡುಗಿ ಎಂದು. ಸೆಲಿನ್ ಒಳಗೊಳಗೇ ಕುದಿದುಹೋದಳು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿಯುವಾಗ ನಾನು ಎದುರಿಗೇ ಇರಬೇಕು ಎಂದುಕೊಂಡಳು.

ತೋಟ ಮುಗಿಯುತ್ತ ಬಂತು. ಬಾಗಿಲಿಗೆ ನೇರವಾಗಿ ಅವಳು ನಿಲ್ಲಿಸಿದ್ದ ಆಳೆತ್ತರದ ಬಂಡೆಯನ್ನು ಕಂಡು ದ್ವಾರಕಾನಾಥರು ಹೌಹಾರಿದರು. ವಾಸ್ತು ನೋಡದೆ ಕುರ್ಚಿಯನ್ನೂ ಸರಿಸಿದ ಆಸಾಮಿಯಲ್ಲ ಅವರು.

"ಏನಮ್ಮ ಇದು, ಬಾಗ್ಲಿಗೆ ಅಡ್ಡ ಕಲ್ಲು? ದ್ವಾರವೇಧ ಕಣಮ್ಮ! ಮನೆಗೂ ಒಳ್ಳೇದಲ್ಲ, ಕಟ್ಟಿದ ನಮಗೂ ಒಳ್ಳೇದಲ್ಲ. ಮೊದ್ಲು ತೆಗೆಸು."

ಸುಝೌನಲ್ಲಿ ಬಾಗಿಲು ದಾಟಿದೊಡನೆ ಅವಳಿಗೆ ಕಂಡದ್ದು ಇಂಥದೇ ಕಲ್ಲಿನ ಗುಡ್ಡ. ಇಷ್ಟು ದೂರ ಬಂದದ್ದು ಕಲ್ಲು ನೋಡಲಿಕ್ಕಾ ಎಂದು ಮುಖ ಸಿಂಡರಿಸಿ ಅದನ್ನು ಬಳಸಿ ಹೋದರೆ, ಇಡೀ ಕೊಳ ಒಮ್ಮೆಗೇ ಎದುರು ನಿಂತಿತ್ತು. ಅವಳು ಅತ್ತುಬಿಟ್ಟಿದ್ದಳು. ಅತ್ತದ್ದನ್ನು ಬಾಸ್‌ಗೆ ಹೇಳಲು ನಾಚಿಕೆಯಾಗಿ ಆ ಭಾಗವನ್ನಷ್ಟೇ ನುಂಗಿಕೊಂಡಿದ್ದಳು.

ಈಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

"ಆಯ್ತು ಸಾರ್, ತೆಗೆಸ್ತೇನೆ," ಎಂದಳು.

ಬಂಡೆ ಕಾಂಪೌಂಡಿನ ಮೂಲೆ ಸೇರಿತು. ಅದರ ಅಡಿಪಾಯವನ್ನು ಮಾತ್ರ ಅವಳು ಕೀಳಿಸಲಿಲ್ಲ, ಮೇಲೆ ಹುಲ್ಲು ಹಾಸಿಸಿದಳು.

ಲಿಯುವಿನ ಮುದಿ ತಾಯಿ ತೋಟ ನೋಡಲು ಬಂದ ದಿನ ದ್ವಾರಕಾನಾಥರು ಸೂಟು ತೊಟ್ಟು ತಾವೇ ಬಾಗಿಲು ತೆರೆದರು. ಮುದುಕಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಆಕೆ ಕೇಳಿದ್ದನ್ನು ಮಗ ಇಂಗ್ಲಿಷಿಗೆ ತಿರುಗಿಸಿದ: ನೀವು ನಮ್ಮೂರಿನ ತೋಟಕ್ಕೆ ಹೋಗಿದ್ದಿರಂತೆ, ಒಳಗೆ ಕಾಲಿಟ್ಟ ಕೂಡಲೇ ಅಲ್ಲಿ ಏನು ಕಾಣುತ್ತದೆ?

"ಕೊಳ!" ದ್ವಾರಕಾನಾಥರು ಕೈ ಚಾಚಿ ತೋರಿಸಿದರು. "ಹೀಗೇ, ಇಡೀ ಕೊಳ!"

ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈತ ಅಲ್ಲಿಗೆ ಹೋಗಿಯೇ ಇಲ್ಲ ಎಂದಳು. ಮಗ ಅದನ್ನೂ ತಿರುಗಿಸಿದ.

ಸೆಲಿನ್ ಮುಂದೆ ಬಂದಳು. "ಮೊದಲು ಕಾಣುವುದು ಬಂಡೆ. ಬಳಸಿ ಹೋದರೆ ಕೊಳ. ನಾನು ಅಲ್ಲಿ ನಿಂತು ಅತ್ತಿದ್ದೆ."

ಮುದುಕಿ ಅವಳ ಕೈ ಹಿಡಿದುಕೊಂಡಳು. ಬಂಡೆಯನ್ನು ಯಾವಾಗ ತಂದು ನಿಲ್ಲಿಸುತ್ತೀಯೆಂದು ಲಿಯು ಕೇಳಿದ್ದು ದ್ವಾರಕಾನಾಥರನ್ನಲ್ಲ, ಅವಳನ್ನು. ನಾಳೆಯೇ, ಅಡಿಪಾಯ ಹಾಗೇ ಇದೆ ಎಂದಳು ಸೆಲಿನ್. ತಾಯಿ ಮಗ ಕೊಳದ ಕಡೆ ನಡೆದರು.

ದ್ವಾರಕಾನಾಥರ ಮುಖದಲ್ಲಿ ರಕ್ತವೇ ಇರಲಿಲ್ಲ. "ಮೊದ್ಲೇ ಹೇಳೋಕೆ ನಿಂಗೇನಾಗಿತ್ತು?" ಎಂದು ಹಲ್ಲು ಕಡಿದರು.

ಸೆಲಿನ್‌ಗೆ ಇಷ್ಟು ಹಿತವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ನೀವು ಹೋಗಿ ಬಂದವರಲ್ವಾ ಸಾರ್? ನಿಮಗೆ ಗೊತ್ತುಂಟು ಅಂತ ಎಣಿಸಿದೆ."